ಕಲಬುರಗಿ ಧೂಳಿನಲ್ಲಿ ಹತ್ತಿ ಏರ್ ಫಿಲ್ಟರ್: ಬೇಸಿಗೆ, ಮಳೆ, ರಾಶಿ ಎಲ್ಲ ದಾಟಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ತೊಳೆದು ಮತ್ತೆ ಮತ್ತೆ ಹಾಕುವ ಹತ್ತಿಬಟ್ಟೆಯ ಏರ್ ಫಿಲ್ಟರ್ ಒಳ್ಳೆಯ ವಸ್ತು, ಆದರೆ ನಮ್ಮ ಕಲಬುರಗಿ, ಚಿತ್ತಾಪುರ, ಸೇಡಂ ಕಡೆ ವರ್ಷವಿಡೀ ಅದನ್ನೇ ನಂಬಿ ಗಾಡಿ ಓಡಿಸಬಾರದು. ನಾನು ಮಿರಗದ ಮಳೆ ಹಿಡಿದ ಮೇಲೆ ಅದನ್ನು ಹಾಕುತ್ತೇನೆ, ತೊಗರಿ ರಾಶಿ ಶುರುವಾಗುವ ಹೊತ್ತಿಗೆ ತೆಗೆದು ಕಂಪನಿಯ ಕಾಗದದ ಫಿಲ್ಟರ್ ಕೂಡಿಸುತ್ತೇನೆ. ಯಾಕೆ ಎಂಬುದನ್ನು ಕೆಳಗೆ ಬರೆದಿದ್ದೇನೆ. ಬ್ರಾಂಡ್ ಹೆಸರು ಬರೆಯುವುದಿಲ್ಲ, ಯಾಕೆಂದರೆ ಈ ಮಾತು ಎಣ್ಣೆ ಸವರಿದ ಹತ್ತಿ ಫಿಲ್ಟರ್‌ಗಳಿಗೆಲ್ಲ ಅನ್ವಯಿಸುತ್ತದೆ.

ಗಾಡಿ ಸ್ವಿಫ್ಟ್ ಪೆಟ್ರೋಲ್, 1197 ಸಿಸಿ. ಕೆಲಸದ ಮೇಲೆ ಮಳಖೇಡ, ಸೇಡಂ ಕಡೆ ಓಡಾಟ, ಆಗಾಗ ಶಹಾಬಾದ್, ವಾಡಿ. ಈ ದಾರಿಗಳನ್ನು ಬಲ್ಲವರಿಗೆ ಧೂಳಿನ ಬಗ್ಗೆ ಹೇಳಬೇಕಿಲ್ಲ. ಸುಣ್ಣದಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಫರಶಿ ಕಲ್ಲು ಕೊಯ್ಯುವ ಯಂತ್ರ, ಸಾಲುಗಟ್ಟಿದ ಲಾರಿ. ಅದರ ಜೊತೆಗೆ ಎರಡೂ ಬದಿಯ ಕರಿಮಣ್ಣು ಬೇಸಿಗೆಯಲ್ಲಿ ಹಿಟ್ಟಿನಷ್ಟು ಸಣ್ಣಗಾಗಿ ಮೇಲೇಳುತ್ತದೆ. ಬಿಳಿ ಧೂಳು ಕಣ್ಣಿಗೆ ಹೆಚ್ಚು ಕಾಣುತ್ತದೆ ನಿಜ, ಆದರೆ ನನಗೆ ಭಯವಿರುವುದು ಮರಳಿನ ಕಣದ್ದು. ಸುಣ್ಣದಕಲ್ಲಿನ ಕ್ಯಾಲ್ಸೈಟ್ ಗಡಸುತನ ಮೋಸ್ ಅಳತೆಯಲ್ಲಿ 3, ಮರಳಿನ ಕ್ವಾರ್ಟ್ಸ್‌ದು 7. ಆ ಕಣ ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಸಿಕ್ಕರೆ ಉಜ್ಜುತ್ತಲೇ ಹೋಗುತ್ತದೆ. ಎಂಜಿನ್ ಆಯಿಲ್ ಕುಡಿಯಲು ಶುರು ಮಾಡಿದ ಮೇಲೆ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ.

ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಸಿಸಿಯಷ್ಟು ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಅಂದರೆ 1197 ಸಿಸಿ ಗಾಡಿ 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು), ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ನಿಮಿಷಕ್ಕೆ ಮೂರೂವರೆ ಸಾವಿರ ಲೀಟರ್ ಆಸುಪಾಸು. ಇಷ್ಟು ಗಾಳಿಗೆ ಕಾವಲು ನಿಂತಿರುವುದು ಒಂದು ಅಂಗೈ ಅಗಲದ ಪದರ. ಹಾಗಾಗಿ ಯಾವ ಫಿಲ್ಟರ್ ಎಷ್ಟು ಗಾಳಿ ಬಿಡುತ್ತದೆ ಎನ್ನುವುದಕ್ಕಿಂತ ಎಷ್ಟು ಧೂಳು ತಡೆಯುತ್ತದೆ ಎನ್ನುವುದೇ ನಮ್ಮ ಜಿಲ್ಲೆಯವರು ಕೇಳಬೇಕಾದ ಪ್ರಶ್ನೆ.

ಹಾಕುವುದು ಸುಲಭ. ಮೂಲ ಫಿಲ್ಟರ್ ಅಳತೆಯದೇ ಆದ ಚಪ್ಪಟೆ ಪ್ಯಾನೆಲ್ ಫಿಲ್ಟರ್ ತಂದರೆ, ಫಿಲ್ಟರ್ ಕೂತಿರುವ ಏರ್ ಬಾಕ್ಸ್ ಮುಚ್ಚಳ ತೆಗೆದು ಹಳೆಯದನ್ನು ಎತ್ತಿ ಹೊಸದನ್ನು ಇಟ್ಟರೆ ಆಯಿತು. ಒಂದೇ ಎಚ್ಚರ: ಹೊಸದನ್ನು ಇಡುವ ಮೊದಲು ಬಾಕ್ಸಿನ ತಳದಲ್ಲಿ ಕೂತ ಮಣ್ಣು, ಒಣಗಿದ ಎಲೆ, ಹುಳಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಆ ಹೊತ್ತಿನಲ್ಲಿ ಒಂದು ಚಿಟಿಕೆ ಮಣ್ಣು ಎಂಜಿನ್ ಕಡೆಯ ಪೈಪಿಗೆ ಬಿದ್ದರೂ ಅದು ನೇರ ಒಳಗೇ ಹೋಗುತ್ತದೆ. ಸುತ್ತಲಿನ ರಬ್ಬರ್ ಅಂಚು ಎಲ್ಲೂ ಮಡಚಿಕೊಳ್ಳದೆ ಬಾಕ್ಸಿನಲ್ಲಿ ಸರಿಯಾಗಿ ಕೂತಿದೆಯೋ ಬೆರಳಾಡಿಸಿ ನೋಡಬೇಕು. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಅಂಚಿನಲ್ಲಿ ಕೂದಲಷ್ಟು ಸಂದಿ ಇದ್ದರೆ ಸೋಸದ ಗಾಳಿ ಆ ಸಂದಿಯಿಂದಲೇ ನುಗ್ಗುತ್ತದೆ.

ಹಾಕಿದ ಮೇಲೆ ಗ್ಯಾರೇಜಿನಲ್ಲಿ, ಮನೆಯಲ್ಲಿ, ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಮಿಸ್ತ್ರಿ ಬಾನೆಟ್ ಮುಚ್ಚುತ್ತಲೇ ಕೇಳಿದ: "ಸರ್, ಇದ ಹಾಕಿದ್ರ ಅವರೇಜ್ ಹೆಚ್ಚಾಗ್ತದ ಅಂತಾರಲ್ರೀ, ಖರೇ ಏನು?" ಇಲ್ಲ. ಟ್ಯಾಂಕ್ ತುಂಬಿಸಿ ತುಂಬಿಸಿ ಬರೆದಿಟ್ಟ ಲೆಕ್ಕದಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ, ಕಾಣುವುದಕ್ಕೆ ಕಾರಣವೂ ಇಲ್ಲ. ಪೆಟ್ರೋಲ್ ಗಾಡಿಯಲ್ಲಿ ಗಾಳಿಗೆ ಅಡ್ಡ ನಿಲ್ಲುವುದು ಆಕ್ಸಿಲರೇಟರ್ ಒತ್ತಿದಂತೆ ತೆರೆಯುವ ಥ್ರಾಟಲ್ ಪ್ಲೇಟು. ನಾವು ಸಾವಧಾನವಾಗಿ ಓಡಿಸುವಾಗ ಅದು ಹೇಗೂ ಅರೆಬರೆ ಮುಚ್ಚಿರುತ್ತದೆ. ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಆಕ್ಸಿಜನ್ ಸೆನ್ಸರ್ ನೋಡಿ ಅಳೆದು ಕೊಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷೆ ಮಾಡಿ ಕಂಡದ್ದೂ ಇದನ್ನೇ: ಫ್ಯೂಯಲ್ ಇಂಜೆಕ್ಷನ್ ಇರುವ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್ ಮೇಲೆ ಹೇಳಿಕೊಳ್ಳುವಂಥ ಪರಿಣಾಮವಿಲ್ಲ, ಪಿಕಪ್ ಮಾತ್ರ ತಗ್ಗುತ್ತದೆ. ಕಟ್ಟಿಕೊಂಡ ಫಿಲ್ಟರಿಗೇ ಹೀಗಾದರೆ, ಹೊಸ ಕಾಗದದ ಬದಲು ಹೊಸ ಹತ್ತಿ ಹಾಕಿದರೆ ಮೈಲೇಜ್ ಎಲ್ಲಿಂದ ಬರಬೇಕು?

ಪಿಕಪ್? ಲಾರಿ ದಾಟುವಾಗ ಮೂರನೇ ಗೇರಿನಲ್ಲಿ ಜೋರಾಗಿ ಎಳೆದರೆ, ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಹಗುರ ಅನ್ನಿಸುತ್ತದೆ. ಗಾಳಿ ಎಳೆಯುವ ಸದ್ದೂ ತುಸು ಏರಿದೆ, ಅದು ನನಗೆ ಇಷ್ಟ. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ಇನ್ನು ಧೂಳಿನ ಪರೀಕ್ಷೆ. ಪ್ರಯೋಗಾಲಯದಲ್ಲಿ ಏರ್ ಫಿಲ್ಟರ್ ಅಳೆಯಲು ಐಎಸ್‌ಒ 5011 ಎಂಬ ಮಾನದಂಡವಿದೆ: ಅಳತೆಯ ಧೂಳು ಬಿಟ್ಟು, ಎಷ್ಟು ಹಿಡಿಯಿತು, ಎಷ್ಟು ದಾಟಿತು ಎಂದು ತೂಕ ಮಾಡುತ್ತಾರೆ. ನಮಗೆ ಅದು ಸಾಧ್ಯವಿಲ್ಲ, ಆದರೆ ಒಂದು ಬಿಳಿ ಬಟ್ಟೆ ಸಾಕು. ಫಿಲ್ಟರ್ ದಾಟಿ ಥ್ರಾಟಲ್ ಬಾಡಿಗೆ ಹೋಗುವ ಪೈಪಿನ ಒಳಗೋಡೆಯನ್ನು, ಎಂಜಿನ್ ಆರಿಸಿ, ಬಟ್ಟೆಯಿಂದ ಒರೆಸಿ ನೋಡಿ. ಅಲ್ಲಿ ಧೂಳಿದ್ದರೆ ಅದು ಫಿಲ್ಟರ್ ದಾಟಿ ಬಂದದ್ದೇ. ನನ್ನ ಗಾಡಿಯಲ್ಲಿ ಮಳೆಗಾಲದಲ್ಲಿ, ದೀಪಾವಳಿವರೆಗೂ, ಬಟ್ಟೆ ಬಿಳಿಯಾಗಿಯೇ ಬರುತ್ತಿತ್ತು. ರಾಶಿ ಮುಗಿದು ಬಿಸಿಲೇರಿದ ಮೇಲೆ ಒರೆಸಿದಾಗ ಬೂದುಬಣ್ಣದ ತೆಳು ಪುಡಿ ಹತ್ತಿತು. ಪೈಪನ್ನು ಚೆನ್ನಾಗಿ ಒರೆಸಿ ಕಾಗದದ ಫಿಲ್ಟರ್ ಹಾಕಿ, ಅದೇ ರಸ್ತೆಯಲ್ಲಿ ಕೆಲವು ವಾರ ಓಡಿಸಿ ಮತ್ತೆ ನೋಡಿದೆ: ಪುಡಿ ಇಲ್ಲ. ರಾಶಿ ಶುರುವಾಗುವ ಹೊತ್ತಿಗೇ ಬದಲಿಸಬೇಕೆಂದು ತೀರ್ಮಾನಿಸಿದ್ದು ಇದರಿಂದಲೇ.

ಇದಕ್ಕೆ ಕಾರಣ ಎರಡರ ಕೆಲಸದಲ್ಲೇ ಇದೆ. ಹತ್ತಿಬಟ್ಟೆಯ ಎಳೆಗಳ ನಡುವಿನ ಕಿಂಡಿ ದೊಡ್ಡದು, ಧೂಳು ಹಿಡಿಯುವುದು ಅದರ ಮೇಲಿನ ಎಣ್ಣೆಯ ಅಂಟು. ಧೂಳು ಹೆಚ್ಚಾದಷ್ಟೂ ಎಣ್ಣೆಯನ್ನು ಅದೇ ಹೀರಿಕೊಳ್ಳುತ್ತದೆ. ಹೊರಗೆ 42 ಡಿಗ್ರಿ ಇದ್ದಾಗ ಬಾನೆಟ್ ಒಳಗಿನ ಕಾವಿಗೆ ಉಳಿದ ಎಣ್ಣೆಯೂ ತೆಳುವಾಗಿ ಕೆಳಗಿಳಿಯುತ್ತದೆ. ಅಂಟು ಹೋದ ಜಾಗದಲ್ಲಿ ಸಣ್ಣ ಕಣ ಸಲೀಸಾಗಿ ದಾಟುತ್ತದೆ. ಕಾಗದದ್ದು ಹಾಗಲ್ಲ. ಅದರ ನಾರು ಒತ್ತಾಗಿರುತ್ತದೆ, ಮೇಲೆ ಕೂತ ಧೂಳಿನ ಪದರವೇ ಮತ್ತಷ್ಟು ಧೂಳು ತಡೆಯುತ್ತದೆ. ಬೆಲೆಯೆಂದರೆ ಗಾಳಿ ಎಳೆಯುವುದು ಬರಬರುತ್ತ ಬಿಗಿಯಾಗುತ್ತದೆ, ಆಗ ಬದಲಿಸಬೇಕು, ಅಷ್ಟೇ. ಪ್ಯಾಕಿನ ಮೇಲೆ ಇಷ್ಟು ಸಾವಿರ ಕಿಲೋಮೀಟರ್‌ವರೆಗೆ ತೊಳೆಯುವುದು ಬೇಡ ಎಂದು ದೊಡ್ಡ ಅಂಕಿ ಬರೆದಿರುತ್ತಾರೆ. ಅದು ಸ್ವಚ್ಛ ಹೆದ್ದಾರಿಯ ಅಂಕಿ, ಮಳಖೇಡ ರಸ್ತೆಯದಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು, ಯಾಕೆಂದರೆ ನಮ್ಮೂರಿನ ಗ್ಯಾರೇಜುಗಳಲ್ಲಿ ದಿನವೂ ನಡೆಯುವುದು. "ಗಾಳಿ ಹೊಡ್ದು ಕೊಡ್ಲೇನ್ರೀ?" ಎಂದು ಕಂಪ್ರೆಸರ್ ಪೈಪು ಹಿಡಿದು ಬರುತ್ತಾರೆ. ಹತ್ತಿರದಿಂದ ಜೋರಾಗಿ ಗಾಳಿ ಬಿಟ್ಟರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ, ಹತ್ತಿಯಾದರೆ ಎಳೆ ಸರಿದು ಕಿಂಡಿ ಅಗಲವಾಗುತ್ತದೆ. ಹತ್ತಿಯದಕ್ಕೆ ಗಾಳಿ ಬೇಡವೇ ಬೇಡ. ಕಾಗದದ್ದನ್ನು ಮೆಲ್ಲಗೆ ತಟ್ಟಿ ಉದುರಿಸಿ, ತೀರಾ ಕಪ್ಪಾಗಿದ್ದರೆ ಹೊಸದು ತನ್ನಿ.

ತೊಳೆಯುವ ಕೆಲಸಕ್ಕೆ ಅರ್ಧ ದಿನ ಬೇಕು, ಅವಸರ ನಡೆಯದು. ಹತ್ತಿ ಫಿಲ್ಟರ್ ತೊಳೆಯಲು ಸಿಗುವ ಕಿಟ್‌ನ ಕ್ಲೀನರ್ ಎರಡೂ ಕಡೆ ಸಿಂಪಡಿಸಿ ಹತ್ತು ನಿಮಿಷ ಬಿಡಬೇಕು, ಒಣಗಲು ಮಾತ್ರ ಬಿಡಬಾರದು. ಆಮೇಲೆ ನಲ್ಲಿಯ ಸಣ್ಣ ಧಾರೆಯಲ್ಲಿ, ಎಂಜಿನ್ ಕಡೆಯ ಮೈಯಿಂದ ಹೊರಮೈಗೆ ನೀರು ಹರಿಯುವಂತೆ ತೊಳೆಯಬೇಕು. ತಿರುಗಿಸಿ ಹಿಡಿದರೆ ಹೊರಗಿನ ಮಣ್ಣನ್ನು ನಾವೇ ಒಳಗೆ ತಳ್ಳಿದಂತೆ. ನಮ್ಮ ಬೋರಿನ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ, ಹಾಗಾಗಿ ಕೊನೆಯ ಸಲ ಕುಡಿಯುವ ಫಿಲ್ಟರ್ ನೀರು ಹಾಕುತ್ತೇನೆ. ನೆರಳಲ್ಲೇ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಮಡಿಕೆ ಮಡಿಕೆಗೂ ಎಣ್ಣೆ, ಇಪ್ಪತ್ತು ನಿಮಿಷ ಬಿಟ್ಟು ಎಣ್ಣೆಯ ಬಣ್ಣ ಹತ್ತದೆ ಉಳಿದ ಕಡೆ ಇನ್ನಷ್ಟು. ಕಡಿಮೆಯಾದರೆ ಧೂಳು ದಾಟುತ್ತದೆ. ಹೆಚ್ಚಾದರೆ, ಒಳಬರುವ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಗಾಡಿಗಳಲ್ಲಿ ಎಣ್ಣೆ ಅದರ ಬಿಸಿ ತಂತಿಗೆ ಅಂಟಿ ಅಳತೆ ಕೆಡಬಹುದು. ನಿಮ್ಮ ಗಾಡಿಯಲ್ಲಿ ಯಾವ ಸೆನ್ಸರ್ ಇದೆ ಎಂದು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ. ಎಣ್ಣೆ ಎಂದರೆ ಆ ಫಿಲ್ಟರಿನ ಎಣ್ಣೆಯೇ, ಎಂಜಿನ್ ಆಯಿಲ್ ಅಲ್ಲ.

ಹುಡುಗರು ಇಷ್ಟಪಡುವ, ಬಾಕ್ಸ್ ಇಲ್ಲದೆ ಬಿಚ್ಚಿಯೇ ಇಡುವ ಕೋನ್ ಫಿಲ್ಟರ್ ಬಗ್ಗೆ ಕೇಳಿದವರಿಗೆ ನನ್ನ ಉತ್ತರ: ನಮ್ಮ ಬಿಸಿಲಿಗೆ ಬೇಡ. ಮುಚ್ಚಿದ ಬಾಕ್ಸ್ ಹೊರಗಿನ ಗಾಳಿ ತರುತ್ತದೆ, ಬಿಚ್ಚಿಟ್ಟ ಕೋನ್ ಎಂಜಿನ್ ಪಕ್ಕದ ಕಾದ ಗಾಳಿ ನುಂಗುತ್ತದೆ. 42 ಡಿಗ್ರಿ ಗಾಳಿಗೆ ಹೋಲಿಸಿದರೆ 60 ಡಿಗ್ರಿ ಗಾಳಿಯ ಸಾಂದ್ರತೆ ಶೇಕಡ 5ಕ್ಕೂ ಹೆಚ್ಚು ಕಡಿಮೆ. ಅಷ್ಟು ಆಮ್ಲಜನಕ ಕಳೆದುಕೊಂಡು ಪಡೆಯುವುದು ಸದ್ದು ಮಾತ್ರ. ಮೂಲ ವಿವರಕ್ಕಿಂತ ಬೇರೆಯಾಗುವ ಬದಲಾವಣೆಗಳನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ತಡೆಯುತ್ತದೆ ಎಂಬುದೂ ನೆನಪಿರಲಿ. ವಾರಂಟಿ ಇರುವ ಗಾಡಿಯಾದರೆ ಪ್ಯಾನೆಲ್ ಫಿಲ್ಟರಿಗೂ ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಮುಂದುವರಿಯಿರಿ.

ಖರ್ಚು: ಫಿಲ್ಟರಿಗೆ ಐದು ಸಾವಿರದ ಹತ್ತಿರ, ಕ್ಲೀನರ್-ಎಣ್ಣೆ ಕಿಟ್‌ಗೆ ಒಂದೂವರೆ ಸಾವಿರ. ಕಾಗದದ್ದು ನಾನೂರರ ಒಳಗೆ. ಈ ದುಡ್ಡಿಗೆ ಹದಿನಾರು ಕಾಗದದ ಫಿಲ್ಟರ್ ಬರುತ್ತವೆ, ವರ್ಷಕ್ಕೆರಡು ಬದಲಿಸಿದರೂ ಎಂಟು ವರ್ಷ. ಉಳಿತಾಯಕ್ಕೆಂದು ಕೊಳ್ಳುವವರು ಕಾಗದದ್ದನ್ನೇ ಬೇಗ ಬೇಗ ಬದಲಿಸಲಿ, ಗಾಡಿಗೆ ಅದೇ ಹಿತ. ಕೈಯಾರೆ ತೊಳೆದು ಎಣ್ಣೆ ಹಾಕುವ ತಾಳ್ಮೆ ಇದ್ದವರು, ಹೆಚ್ಚಾಗಿ ಊರೊಳಗೆ ಅಥವಾ ಒಳ್ಳೆಯ ಹೆದ್ದಾರಿಯಲ್ಲಿ ಓಡಿಸುವವರು ಹತ್ತಿಯದನ್ನು ಧೈರ್ಯವಾಗಿ ತರಬಹುದು. ಅಂಗಡಿಗೆ ಹೋಗುವಾಗ ಹಳೆಯ ಫಿಲ್ಟರ್ ಜೊತೆಗೇ ಒಯ್ಯಿರಿ, ಎರಡರ ರಬ್ಬರ್ ಅಂಚು ಒಂದರ ಮೇಲೊಂದು ಇಟ್ಟು ನೋಡಿ. ಅಗಲ, ದಪ್ಪ ಎರಡೂ ಹೊಂದದಿದ್ದರೆ ಎಷ್ಟು ರಿಯಾಯಿತಿ ಕೊಟ್ಟರೂ ಬಿಟ್ಟು ಬನ್ನಿ.