ತಾಜಾ ಅನಾನಸ್, ಡಬ್ಬಿಯ ಅನಾನಸ್: ಮೂರು ಸಿಹಿತಿಂಡಿಗಳಲ್ಲಿ ನಾನು ಕಂಡ ವ್ಯತ್ಯಾಸ

ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ದಿನಗಳಲ್ಲಿ ಹಾಸನದ ಮನೆಗಳಿಗೆ ನೆಂಟರು ಬಂದು ಉಳಿಯುವುದು ವಾಡಿಕೆ. ಕಳೆದ ಆಶ್ವಯುಜದಲ್ಲಿ ನಮ್ಮಲ್ಲಿಗೆ 14 ಮಂದಿ ಬರುವವರಿದ್ದರು. ಊಟದ ಕೊನೆಗೆ ಅನಾನಸ್ ಪುಡ್ಡಿಂಗ್ ಬಡಿಸಬೇಕೆಂದುಕೊಂಡು ಕಟ್ಟಿನಕೆರೆ ಮಾರುಕಟ್ಟೆಯಿಂದ 2 ಹಣ್ಣುಗಳನ್ನೂ, ಸಾಲದೆ ಹೋದರೆ ಇರಲಿ ಎಂದು 850 ಗ್ರಾಂನ ಒಂದು ಡಬ್ಬಿಯನ್ನೂ ತಂದಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ತಾಜಾ ಹಣ್ಣಿನ ಪುಡ್ಡಿಂಗ್ ಬಾಯಿಗಿಡಲಾರದಷ್ಟು ಕಹಿಯಾಗಿತ್ತು. ಡಬ್ಬಿಯ ಹಣ್ಣಿನದು ಸರಿಯಾಗಿಯೇ ಇತ್ತು. ಹೀಗಿದ್ದರೂ ನಾನು ಇಂದು ಮೆಚ್ಚುವುದು ತಾಜಾ ಹಣ್ಣನ್ನೇ, ಏಕೆಂದರೆ ತಪ್ಪು ಹಣ್ಣಿನದಾಗಿರಲಿಲ್ಲ, ನಾನು ಅದನ್ನು ಬಳಸಿದ ಕ್ರಮದ್ದಾಗಿತ್ತು.

ಎರಡು ಪಾತ್ರೆಗಳಿಗೂ ನಾನು ಹಾಕಿದ್ದು ಒಂದೇ ಕಂಡೆನ್ಸ್ಡ್ ಮಿಲ್ಕ್, ಒಂದೇ ಕ್ರೀಮ್, ಗಟ್ಟಿಯಾಗಲೆಂದು ಒಂದೇ ಚೈನಾ ಗ್ರಾಸ್. ವ್ಯತ್ಯಾಸವಿದ್ದದ್ದು ಹಣ್ಣಿನಲ್ಲಿ ಮಾತ್ರ: ತಾಜಾ ಹಣ್ಣನ್ನು ಹಸಿಯಾಗಿಯೇ ರುಬ್ಬಿ ಬೆರೆಸಿದ್ದೆ. ಬೆರೆಸಿದೊಡನೆ ಚಮಚದಲ್ಲಿ ರುಚಿ ನೋಡಿದಾಗ ಅದು ಡಬ್ಬಿಯದಕ್ಕಿಂತ ಎಷ್ಟೋ ಘಮಘಮವಾಗಿತ್ತು, ಆದ್ದರಿಂದ ನಿಶ್ಚಿಂತೆಯಿಂದ ಫ್ರಿಜ್ಜಿನಲ್ಲಿಟ್ಟು ಮಲಗಿದೆ. ಕಹಿ ಬಂದದ್ದು ರಾತ್ರಿ ಕಳೆಯುವುದರೊಳಗೆ. ಮೊದಲು ನಾನು ಹಾಲನ್ನು ಅನುಮಾನಿಸಿದೆ, ಆಮೇಲೆ ಸಿಪ್ಪೆಯ ಕಣ್ಣುಗಳು ಉಳಿದಿದ್ದವೇನೋ ಎಂದುಕೊಂಡೆ. ಆದರೆ ಅದೇ ಹಾಲು ಇನ್ನೊಂದು ಪಾತ್ರೆಯಲ್ಲಿ ಕೆಟ್ಟಿರಲಿಲ್ಲ, ಕಣ್ಣುಗಳನ್ನೂ ನಾನೇ ಒಂದೊಂದಾಗಿ ತೆಗೆದಿದ್ದೆ.

ಕಾರಣ ಹಸಿ ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ. ಪ್ರೋಟೀನನ್ನು ಕತ್ತರಿಸುವುದೇ ಅದರ ಕೆಲಸ. ಹಣ್ಣನ್ನು ಹೆಚ್ಚಾಗಿ ತಿಂದಾಗ ನಾಲಿಗೆ ಉರಿಯುವುದಕ್ಕೂ ಅದರ ಪಾಲಿದೆ. ಹಾಲು, ಕ್ರೀಮ್, ಮೊಸರುಗಳಲ್ಲಿರುವ ಪ್ರೋಟೀನನ್ನು ಅದು ತುಂಡರಿಸುತ್ತಾ ಹೋದಂತೆ ಉಳಿಯುವ ಸಣ್ಣ ತುಣುಕುಗಳು ಕಹಿಯಾಗಿರುತ್ತವೆ. ಫ್ರಿಜ್ಜಿನ ತಂಪು ಈ ಕ್ರಿಯೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಆದರೆ ಕುದಿಯುವ ಶಾಖ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ, ಮತ್ತು ಡಬ್ಬಿಯ ಹಣ್ಣು ಕಾರ್ಖಾನೆಯಲ್ಲಿಯೇ ಆ ಶಾಖವನ್ನು ಕಂಡು ಬಂದಿರುತ್ತದೆ. ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಜೆಲಟಿನ್ ಕೂಡ ಪ್ರೋಟೀನೇ ಆದ್ದರಿಂದ ಅದನ್ನು ಬಳಸುವವರ ಮನೆಯಲ್ಲಿ ಹಸಿ ಅನಾನಸ್ ಹಾಕಿದ ಜೆಲ್ಲಿ ಗಟ್ಟಿಯಾಗುವುದೇ ಇಲ್ಲ. ನಾವು ಸಸ್ಯಾಹಾರಿಗಳಾದುದರಿಂದ ಕಡಲಪಾಚಿಯಿಂದ ತಯಾರಾಗುವ ಚೈನಾ ಗ್ರಾಸ್ ಬಳಸುತ್ತೇವೆ. ಅದರ ಮೇಲೆ ಬ್ರೊಮೆಲೈನ್‌ನ ಆಟ ನಡೆಯದು. ನನ್ನ ಪುಡ್ಡಿಂಗ್ ಚೆನ್ನಾಗಿ ಗಟ್ಟಿಯಾಗಿತ್ತು, ಹಾಗಾಗಿಯೇ ಒಳಗೆ ಹಾಲು ಕಹಿಯಾಗುತ್ತಿದ್ದುದು ನನ್ನ ಗಮನಕ್ಕೆ ಬರಲಿಲ್ಲ.

ನೆಂಟರು ಹೋದ ಮೇಲೆ ಇನ್ನೊಂದು ಹಣ್ಣು ತಂದು ಮೂರು ಸಣ್ಣ ಬಟ್ಟಲುಗಳಲ್ಲಿ ಪರೀಕ್ಷಿಸಿದೆ. ಹಸಿ ಹಣ್ಣಿನದು ಮತ್ತೆ ಕಹಿಯಾಯಿತು. ರುಬ್ಬಿದ ಹಣ್ಣನ್ನು ಬರಿದೇ ಬೆಚ್ಚಗೆ ಮಾಡಿ ಬೆರೆಸಿದ್ದರಲ್ಲಿ ಕೊನೆಗೆ ಗಂಟಲಲ್ಲಿ ಸ್ವಲ್ಪ ಕಹಿ ಉಳಿಯಿತು. ಸಕ್ಕರೆಯೊಡನೆ 10 ನಿಮಿಷ ಚೆನ್ನಾಗಿ ಕುದಿಸಿ, ಪೂರ್ತಿ ಆರಿಸಿ ಬೆರೆಸಿದ್ದು ಎರಡು ದಿನದವರೆಗೂ ಸಿಹಿಯಾಗಿಯೇ ಇತ್ತು, ಮತ್ತು ಪರಿಮಳದಲ್ಲಿ ಡಬ್ಬಿಯ ಹಣ್ಣು ಅದರ ಹತ್ತಿರಕ್ಕೂ ಬರಲಿಲ್ಲ. ಕುದಿಸಿದ ಹಣ್ಣನ್ನು ಬಿಸಿಬಿಸಿಯಾಗಿ ಹಾಲಿಗೆ ಸುರಿದರೆ ಹುಳಿಯಿಂದ ಹಾಲು ಒಡೆಯುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಣ್ಣನ್ನು ಸೇರಿಸಿದರೆ ಚೈನಾ ಗ್ರಾಸ್ ಅಲ್ಲಲ್ಲೇ ಹೆಪ್ಪುಗಟ್ಟಿ ಗಂಟಾಗುತ್ತದೆ. ಆದ್ದರಿಂದ ಹಣ್ಣು, ಹಾಲು ಎರಡೂ ಕೋಣೆಯ ಉಷ್ಣಾಂಶದಲ್ಲಿರಬೇಕು. ಚೈನಾ ಗ್ರಾಸನ್ನು ಹಣ್ಣಿನ ರಸದಲ್ಲಿ ಕುದಿಸದೆ ಬೇರೆ ನೀರಿನಲ್ಲಿಯೇ ಕರಗಿಸಬೇಕು, ಏಕೆಂದರೆ ಹುಳಿಯಲ್ಲಿ ಕುದಿದರೆ ಅದರ ಹಿಡಿತ ಸಡಿಲವಾಗುತ್ತದೆ. ಇಷ್ಟು ತಾಪತ್ರಯ ಬೇಡವೆನ್ನುವವರಿಗೆ ಡಬ್ಬಿ ಸುಲಭ ಎಂಬುದನ್ನು ನಾನು ಅಲ್ಲಗಳೆಯಲಾರೆ.

ಕೇಸರಿಬಾತಿಗೆ ಬಂದರೆ ಈ ತೊಡಕೇ ಇಲ್ಲ, ಹಣ್ಣು ಹೇಗೂ ಬೇಯುತ್ತದೆ. 1 ಲೋಟ ರವೆಗೆ 1 ಲೋಟ ಸಣ್ಣಗೆ ಹೆಚ್ಚಿದ ಹಣ್ಣು, ಎರಡೂವರೆ ಲೋಟ ನೀರು, ಒಂದೂಕಾಲು ಲೋಟ ಸಕ್ಕರೆ ನನ್ನ ಅಳತೆ. ಹಣ್ಣಿನ ಮಧ್ಯದ ಗಟ್ಟಿ ದಿಂಡನ್ನು ಎಸೆಯದೆ ತುರಿದು ಆ ನೀರಿನಲ್ಲಿಯೇ ಬೇಯಿಸಿದರೆ ಕೇಸರಿಬಾತಿನ ಪ್ರತಿ ತುತ್ತಿನಲ್ಲೂ ಹಣ್ಣಿನ ವಾಸನೆ ಸಿಗುತ್ತದೆ. ಡಬ್ಬಿಯ ಹೋಳುಗಳು ಪಾಕದಲ್ಲಿ ನೆನೆದು ಮೆತ್ತಗಾಗಿರುವುದರಿಂದ ಬಾಣಲೆಯಲ್ಲಿ ತಿರುವುವಷ್ಟರಲ್ಲಿ ನಾರುನಾರಾಗುತ್ತವೆ. ರವೆಯ ನಡುವೆ ಹಲ್ಲಿಗೆ ಸಿಗಬೇಕಾದ ಹುಳಿಸಿಹಿ ಹೋಳು ಅಲ್ಲಿ ಉಳಿಯುವುದಿಲ್ಲ. ಕೇಸರಿಬಾತಿಗಾಗಿ ನಾನು ಎಂದಿಗೂ ಡಬ್ಬಿ ತೆರೆಯುವುದಿಲ್ಲ.

ತಲೆಕೆಳಗು ಮಾಡಿ ತೆಗೆಯುವ ಅನಾನಸ್ ಕೇಕಿನಲ್ಲಿ ಮಾತ್ರ ಡಬ್ಬಿಯದೇ ಮೇಲುಗೈ. ಅದರ ಬಿಲ್ಲೆಗಳು ಒಂದೇ ದಪ್ಪ, ಒಂದೇ ದುಂಡು. ತಾಜಾ ಹಣ್ಣು ರಸ ಬಿಟ್ಟು ಕೇಕಿನ ಮೇಲ್ಭಾಗವನ್ನು ಒದ್ದೆ ಮಾಡುತ್ತದೆ.

ಖರ್ಚಿನ ಲೆಕ್ಕವನ್ನೂ ಹಾಕಿ ನೋಡಿದೆ. ಡಬ್ಬಿಗೆ ನಾನು ಕೊಟ್ಟದ್ದು 190 ರೂಪಾಯಿ, ಪಾಕ ಬಸಿದು ತೂಗಿದಾಗ ಹಣ್ಣು ಉಳಿದದ್ದು 480 ಗ್ರಾಂ. 70 ರೂಪಾಯಿಯ, ಒಂದೂವರೆ ಕಿಲೋ ತೂಕದ ಹಣ್ಣಿನಿಂದ ಸಿಪ್ಪೆ, ಕಣ್ಣು, ಜುಟ್ಟು ಕಳೆದು 750 ಗ್ರಾಂ ಸಿಕ್ಕಿತು. ತಿಂಗಳಿಗೆ ಎರಡು ಮೂರು ಬಾರಿ ಸಿಹಿ ಮಾಡುವ ನಮ್ಮಂಥ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ತಾಜಾ ಹಣ್ಣಿನ ನಿಜವಾದ ಕೊರತೆಯೆಂದರೆ ಕಾಲ. ಮಲೆನಾಡಿನ ಹಣ್ಣು ಹೇರಳವಾಗಿ ಬರುವುದು ಬೇಸಿಗೆಯ ಕೊನೆಯಿಂದ ಮಳೆಗಾಲದ ಆರಂಭದವರೆಗೆ. ಹಾಸನಾಂಬೆಯ ದಿನಗಳಲ್ಲಿ ಸಿಗುವ ಹಣ್ಣು ಹೆಚ್ಚಾಗಿ ಹುಳಿ. ಮಾವಿನಂತೆ ಹುಲ್ಲಿನಲ್ಲಿಟ್ಟು ಹಣ್ಣು ಮಾಡೋಣವೆಂದರೆ ಅನಾನಸ್ ಕಿತ್ತ ಮೇಲೆ ಮೆತ್ತಗಾಗುತ್ತದೆಯೇ ಹೊರತು ಅದರ ಸಿಹಿ ಹೆಚ್ಚುವುದಿಲ್ಲ. ಕೊಳ್ಳುವಾಗಲೇ ಬುಡವನ್ನು ಮೂಗಿಗೆ ಹಿಡಿದು ನೋಡಬೇಕು, ವಾಸನೆಯಿಲ್ಲದ್ದನ್ನು ಅಲ್ಲಿಯೇ ಬಿಟ್ಟುಬರಬೇಕು.

ಈ ಮೇ ತಿಂಗಳಲ್ಲಿ 6 ಹಣ್ಣುಗಳನ್ನು ಒಟ್ಟಿಗೆ ತಂದು, ಸಕ್ಕರೆ ಹಾಕಿ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, 250 ಗ್ರಾಂನ ಡಬ್ಬಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟಿದ್ದೇನೆ. ಹಸಿಯಾಗಿ ಇಟ್ಟಿದ್ದರೆ ಹಿಮದಲ್ಲೂ ಕಿಣ್ವ ಸಾಯುತ್ತಿರಲಿಲ್ಲ, ಆದ್ದರಿಂದ ಕುದಿಸದೆ ಒಂದು ಹೋಳನ್ನೂ ಇಟ್ಟಿಲ್ಲ. ಬರುವ ಆಶ್ವಯುಜದ ಪುಡ್ಡಿಂಗಿಗೆ ಅದರಲ್ಲಿ 4 ಡಬ್ಬಗಳನ್ನು ತೆಗೆದಿರಿಸಿದ್ದೇನೆ, ಮೊಮ್ಮಗಳ ಹುಟ್ಟುಹಬ್ಬದ ಕೇಕಿಗಾಗಿ ಅಂಗಡಿಯ ಒಂದು ಡಬ್ಬಿಯೂ ಕಪಾಟಿನಲ್ಲಿದೆ.