ಹೆಕ್ಸಾಕೊನಜೋಲ್ 5% ಎಸ್‌ಸಿ: ಬೂದಿ ರೋಗಕ್ಕೆ ಸರಿ, ಡೌನಿ ರೋಗಕ್ಕೆ ದಂಡ

ಬೆಂಗಳೂರಿನ ಸುತ್ತ ದೇವನಹಳ್ಳಿ, ದೊಡ್ಡಬಳ್ಳಾಪುರದ ದಿಲ್‌ಖುಷ್ ದ್ರಾಕ್ಷಿ ತೋಟಗಳಿಗೆ ಬೂದಿ ರೋಗ ಬರಲು ಮಳೆಯೇ ಬೇಕೆಂದಿಲ್ಲ. ತಂಪು ರಾತ್ರಿ, ಒಣ ಹಗಲು ಸಾಕು. ಆಗ ಗೊಬ್ಬರದಂಗಡಿಯವರು ಮೊದಲು ಕೈಗಿಡುವ ಔಷಧಿಗಳಲ್ಲಿ ಹೆಕ್ಸಾಕೊನಜೋಲ್ ಕೂಡ ಒಂದು. ಕೆಲಸ ಮಾಡುತ್ತದೆ, ಸಮಯಕ್ಕೆ ಸರಿಯಾಗಿ ಹೊಡೆದರೆ ಮಾತ್ರ.

ಇದು ಟ್ರಯಜೋಲ್ ಗುಂಪಿನ ಅಂತರ್ವ್ಯಾಪಿ ಶಿಲೀಂಧ್ರನಾಶಕ, ಅಂದರೆ ಗಿಡದೊಳಗೆ ಸೇರಿ ಕೆಲಸ ಮಾಡುವಂಥದ್ದು. ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಎಂಬ ವಸ್ತು ತಯಾರಾಗದಂತೆ ತಡೆಯುತ್ತದೆ. ಬೀಜಕ ಮೊಳೆಯುವಷ್ಟು ದಾಸ್ತಾನು ಅದರೊಳಗೇ ಇರುತ್ತದೆ, ಹಾಗಾಗಿ ಮೊಳಕೆ ನಿಲ್ಲುವುದಿಲ್ಲ. ನಿಲ್ಲುವುದು ಮುಂದಿನ ಬೆಳವಣಿಗೆ. ಆದ್ದರಿಂದ ಚುಕ್ಕೆ ಚುಕ್ಕೆಯಾಗಿ ಬೂದಿ ಕಂಡ ಕೂಡಲೇ ಹೊಡೆಯಬೇಕು. ಎಲೆಯೆಲ್ಲ ಬೆಳ್ಳಗಾದ ಮೇಲೆ ಹೊಡೆದು ಔಷಧಿಯನ್ನು ಬೈದರೆ ಏನು ಬಂತು? ಎಲೆಯೊಳಗೆ ಸೇರಿದ ಔಷಧಿ ನೀರಿನ ಜೊತೆ ತುದಿಯ ಕಡೆಗಷ್ಟೇ ಸಾಗುತ್ತದೆ, ಕೆಳಗಿಳಿಯುವುದಿಲ್ಲ. ಬುಡದ ಎಲೆ, ಎಲೆಯ ಅಡಿ, ಗೊಂಚಲಿನ ಒಳಗು ಎಲ್ಲವೂ ನೆನೆಯಲೇಬೇಕು.

ದ್ರಾಕ್ಷಿಗೆ ಲೀಟರಿಗೆ 1 ಮಿ.ಲೀ. ಅಂದರೆ 16 ಲೀಟರ್ ಬ್ಯಾಟರಿ ಪಂಪಿಗೆ 16, 200 ಲೀಟರ್ ಡ್ರಮ್ಮಿಗೆ 200. ಹೆಚ್ಚಿನ ದೂರು ಹುಟ್ಟುವುದು ಬಾಟಲಿಯಲ್ಲೇ. ಎಸ್‌ಸಿ ಎಂದರೆ ನುಣ್ಣನೆಯ ಪುಡಿಯನ್ನು ದ್ರವದಲ್ಲಿ ತೇಲಿಸಿಟ್ಟಿದ್ದು; ಅಂಗಡಿ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಂತರೆ ಪುಡಿ ತಳ ಹಿಡಿದು ಮೇಲೆ ತೆಳ್ಳನೆಯ ನೀರು ಉಳಿಯುತ್ತದೆ. ಕುಲುಕದೆ ಸುರಿದರೆ ಮೊದಲ ಟ್ಯಾಂಕಿಗೆ ಬರೀ ನೀರು, ಕೊನೆಯದಕ್ಕೆ ಗಸಿ. ಎಷ್ಟು ಕುಲುಕಿದರೂ ತಳದ ಗಟ್ಟಿ ಬಿಡದಿದ್ದರೆ ಆ ಬಾಟಲಿ ವಾಪಸ್ ಕೊಡಿ. ಇದಕ್ಕಾದರೂ ಬಿಲ್ ಇಟ್ಟುಕೊಂಡಿರಬೇಕು.

ಡೋಸು ಮೀರಿದರೆ ಗೆಣ್ಣಿನ ಅಂತರ ಕುಗ್ಗಿ ಎಲೆ ಕಡುಹಸಿರಾಗುತ್ತದೆ, ಏಕೆಂದರೆ ಗಿಡವನ್ನು ಉದ್ದ ಬೆಳೆಸುವ ಜಿಬ್ಬರೆಲಿನ್ ಹಾರ್ಮೋನಿನ ತಯಾರಿಕೆಗೂ ಇದು ಅಡ್ಡ ಬರುತ್ತದೆ. ಅದನ್ನೇ ಗಿಡ ಸೊಂಪಾಗಿದೆ ಎಂದುಕೊಳ್ಳುವವರಿದ್ದಾರೆ!

ಸಾಲಾಗಿ ಎರಡು ಸಿಂಪಡಣೆ ಸಾಕು, ಶಿಲೀಂಧ್ರ ಔಷಧಿಗೆ ಒಗ್ಗಿಹೋಗದಂತೆ ಆಮೇಲೆ ಗುಂಪು ಬದಲಾಗಬೇಕು. ಬೇರೆ ಕೊಡಿ ಎಂದರೆ ಪ್ರೊಪಿಕೊನಜೋಲ್ ಅಥವಾ ಟೆಬುಕೊನಜೋಲ್ ಕೊಡುವುದುಂಟು. ಬಾಟಲಿ ಹೊಸದು, ಗುಂಪು ಅದೇ. ಅದರ ಬದಲು ನೀರಿನಲ್ಲಿ ಬೆರೆಯುವ ಗಂಧಕ 80% ಲೀಟರಿಗೆ 2 ಗ್ರಾಂ ಹೊಡೆಯಿರಿ, 35 ಡಿಗ್ರಿ ಮುಟ್ಟುವ ಬಿಸಿಲಿನ ದಿನ ಬೇಡ, ಎಲೆ ಸುಡುತ್ತದೆ. ಕೊಯ್ಲಿಗೆ ಮುಂಚೆ ಎಷ್ಟು ದಿನ ಬಿಡಬೇಕೆಂಬುದನ್ನು ಲೇಬಲ್ಲಿನಲ್ಲಿ ನೋಡಿ.

ಎಲೆಯ ಮೇಲೆ ಎಣ್ಣೆ ಕಲೆ, ಅಡಿಯಲ್ಲಿ ಬಿಳಿ ತುಪ್ಪಟ ಕಂಡರೆ ಅದು ಬೂದಿಯಲ್ಲ, ಡೌನಿ ಎಂಬ ಬೇರೆ ರೋಗ. ಆ ಜೀವಿ ನಿಜವಾದ ಶಿಲೀಂಧ್ರವೇ ಅಲ್ಲ, ಎರ್ಗೋಸ್ಟೆರಾಲ್ ತಯಾರಿಸಿಕೊಂಡು ಬದುಕುವುದಿಲ್ಲ, ಹಾಗಾಗಿ ಹೆಕ್ಸಾಕೊನಜೋಲ್ ಅದಕ್ಕೆ ನಾಟುವುದಿಲ್ಲ. ಅದಕ್ಕೆ ಮೆಟಲಾಕ್ಸಿಲ್–ಮ್ಯಾಂಕೋಜೆಬ್ ಅಥವಾ ಡೈಮೆಥೊಮಾರ್ಫ್ ಕೇಳಿ.