ಶಾಲೆ ಯೂನಿಫಾರ್ಮ್ ಅಂಗಡಿ: ಬಟ್ಟೆ ಗಟ್ಟಿ, ಹುಡುಗಿಯರ ಸ್ಕರ್ಟಿಗೆ ಮಾತ್ರ ಜೇಬಿಲ್ಲ (5ಕ್ಕೆ 3)

ಶಿವಮೊಗ್ಗದಲ್ಲಿ ನಮ್ಮ ಮಕ್ಕಳ ಶಾಲೆಯ ಯೂನಿಫಾರ್ಮ್ ಸಿಗುವುದು ಒಂದೇ ಅಂಗಡಿಯಲ್ಲಿ. ಮಗಳು ಈ ಸಲ ಏಳನೇ ಕ್ಲಾಸು, ಮಗ ಆರನೇ ಕ್ಲಾಸು. ಮೇ ಕೊನೆಯ ವಾರ ಇಬ್ಬರನ್ನೂ ಕರೆದುಕೊಂಡು ಹೋಗಿ ತಲಾ ಎರಡು ಜೊತೆ ತಗೊಂಡು ಬಂದೆ. ಅಂಗಡಿಯ ಹೆಸರು, ಶಾಲೆಯ ಹೆಸರು ಬರೆಯುತ್ತಿಲ್ಲ. ಇದು ಒಂದು ಅಂಗಡಿಯ ತೊಂದರೆ ಅಲ್ಲ, ನನ್ನ ಅಕ್ಕನ ಮಗಳು ಬೇರೆ ಊರಲ್ಲಿ ಓದುತ್ತಾಳೆ, ಅವಳದ್ದೂ ಇದೇ ಕಥೆ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಬಟ್ಟೆ ಗಟ್ಟಿ. ಹೋದ ವರ್ಷದ ಶರ್ಟುಗಳನ್ನು ವಾರಕ್ಕೆರಡು ಸಲ ಒಗೆದರೂ ಕಾಲರ್ ಹರಿದಿಲ್ಲ, ಬಣ್ಣ ಮಾಸಿಲ್ಲ. ಅಳತೆ ತೆಗೆಯುವ ಅಕ್ಕ ತುಂಬಾ ತಾಳ್ಮೆಯವರು, ನನ್ನ ಮಗ ಒಂದು ಕಡೆ ನಿಲ್ಲುವವನಲ್ಲ, ಅವನನ್ನೂ ಮಾತಾಡಿಸುತ್ತಾ ಅಳತೆ ತಗೊಂಡರು. ಸೈಜ್ ಸರಿಯಾಗದಿದ್ದರೆ ಹದಿನೈದು ದಿನದೊಳಗೆ ಬದಲಾಯಿಸಿಕೊಡುತ್ತಾರೆ, ಬಿಲ್ ಇಟ್ಟುಕೊಂಡಿರಬೇಕು ಅಷ್ಟೇ.

ಆದರೆ ಬಿಲ್ ನೋಡಿದಾಗ ಬೇಜಾರಾಯಿತು. ಮಗನ ಪ್ಯಾಂಟಿಗೆ 540 ರೂಪಾಯಿ. ಮಗಳ ಸ್ಕರ್ಟಿಗೆ 590, ಅದರ ಒಳಗೆ ಹಾಕಿಕೊಳ್ಳಲೇಬೇಕು ಅಂತ ಶಾಲೆಯವರು ಹೇಳಿರುವ ಶಾರ್ಟ್ಸಿಗೆ ಮತ್ತೆ 180. ಪ್ಯಾಂಟಿಗೆ ಪಕ್ಕದಲ್ಲಿ ಎರಡು ಜೇಬು, ಹಿಂದೆ ಒಂದು. ಸ್ಕರ್ಟಿಗೆ ಒಂದೂ ಇಲ್ಲ. ಮನೆಗೆ ಬಂದು ಸ್ಕರ್ಟನ್ನು ಒಳಮಗ್ಗುಲು ತಿರುಗಿಸಿ ನೋಡಿದೆ. ಸೊಂಟಪಟ್ಟಿ, ಪಕ್ಕಕ್ಕೊಂದು ಜಿಪ್, ಒಂದು ಹುಕ್, ಸುತ್ತಲೂ ಅಗಲವಾದ ನೆರಿಗೆ. ಒಂದೊಂದು ನೆರಿಗೆಯ ಹಿಂದೆ ಅಂಗೈ ಮುಚ್ಚುವಷ್ಟು ಬಟ್ಟೆ ಇದೆ. ಜೇಬಿಗೆ ಜಾಗ ಇಲ್ಲ ಅನ್ನುವ ಹಾಗೇ ಇಲ್ಲ.

ಜೇಬು ತಾನೇ, ಅದಕ್ಕೇನು ಇಷ್ಟು ದೊಡ್ಡ ಮಾತು ಅಂತ ಕೆಲವರಿಗೆ ಅನ್ನಿಸಬಹುದು. ಮಗಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೋದ ವರ್ಷದಿಂದ ಅವಳಿಗೆ ಮುಟ್ಟು ಶುರುವಾಗಿದೆ. ಕ್ಲಾಸಿನ ಮಧ್ಯೆ ಬ್ಯಾಗ್ ಎತ್ತಿಕೊಂಡು ಟಾಯ್ಲೆಟ್ಟಿಗೆ ಹೊರಟರೆ ಎಲ್ಲರಿಗೂ ಗೊತ್ತಾಗುತ್ತದೆ, ಅದಕ್ಕೇ ಅವಳು ಪ್ಯಾಡನ್ನು ಚಿಕ್ಕದಾಗಿ ಮಡಚಿ ಸಾಕ್ಸಿನೊಳಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳಂತೆ. ಇದು ನನಗೆ ಗೊತ್ತಾಗಿದ್ದು ಸಾಕ್ಸಿನ ಎಲಾಸ್ಟಿಕ್ ಯಾಕೆ ಒಂದೇ ಕಾಲಿಂದು ಸಡಿಲ ಆಗಿದೆ ಅಂತ ಕೇಳಿದಾಗ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು, ಉದ್ದದ ವಿಷಯ. ಪ್ಯಾಂಟಿನ ಕೆಳಗೆ ಎರಡು ಇಂಚು ಒಳಗೆ ಮಡಚಿ ಹೊಲಿದಿದ್ದಾರೆ, ಮಗ ಉದ್ದ ಆದ ಹಾಗೆ ಬಿಚ್ಚಿಕೊಳ್ಳಬಹುದು. ಸ್ಕರ್ಟಿನಲ್ಲಿ ಮಡಚಿರುವುದು ಅರ್ಧ ಇಂಚು. ಈ ವಯಸ್ಸಿನ ಹುಡುಗಿಯರು ಆರು ತಿಂಗಳಲ್ಲಿ ಸರ್ರನೆ ಬೆಳೆಯುತ್ತಾರೆ, ಅಲ್ವಾ? ಜೂನಿನಲ್ಲಿ ಮೊಣಕಾಲು ಮುಚ್ಚುತ್ತಿದ್ದ ಸ್ಕರ್ಟು ಡಿಸೆಂಬರಿಗೆ ಮೇಲೆ ಹೋಗಿರುತ್ತದೆ. ಆಗ ಪ್ರೇಯರ್ ಮುಗಿದ ಮೇಲೆ ಸಾಲಿನಿಂದ ಹೊರಗೆ ನಿಲ್ಲಿಸಿ, ಎಲ್ಲರೆದುರು ಬೈಯುತ್ತಾರೆ. ಅದೇ ಸಾಲಿನಲ್ಲಿ ಮಗನ ಪ್ಯಾಂಟು ಕಣಕಾಲು ದಾಟಿ ಮೇಲೆ ಹೋಗಿದ್ದಾಗ ಒಬ್ಬರೂ ಏನೂ ಅನ್ನಲಿಲ್ಲ. ಅಂಗಡಿ ಬಟ್ಟೆ ಉಳಿಸುತ್ತದೆ, ಶಾಲೆ ನಿಯಮ ಹೇಳುತ್ತದೆ, ಬೈಗುಳ ಮಾತ್ರ ಮಗುವಿಗೆ.

ಮಳೆಗಾಲದ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗಾಳಿ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸ್ಕರ್ಟು ಹಿಡಿದುಕೊಂಡು ನಡೆಯಬೇಕು. ಖೋಖೋ ಅಂದರೆ ಅವಳಿಗೆ ಪ್ರಾಣ, ಆದರೆ ಪಿಟಿ ಡ್ರೆಸ್ ಇಲ್ಲದ ದಿನ ಕುಕ್ಕರಗಾಲಲ್ಲಿ ಕೂರಲು ಸಂಕೋಚ ಅಂತ ಆಡದೆ ಬರುತ್ತಾಳೆ.

ಹುಡುಗರಿಗೂ ಅನ್ಯಾಯ ಇಲ್ಲ ಅಂತಲ್ಲ. ಮಗನ ಕೂದಲು ಕಿವಿಗೆ ತಾಗಿದರೆ ಸಾಕು, ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಉದ್ದ ಕೂದಲು ಹುಡುಗಿಯರಿಗೆ ಶಿಸ್ತು, ಹುಡುಗರಿಗೆ ಅಶಿಸ್ತು ಹೇಗಾಗುತ್ತದೆ ಅಂತ ಅವನು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಅಂಗಡಿಯವರನ್ನು ಕೇಳಿದೆ. "ಶಾಲೆಯವರು ಕೊಟ್ಟ ಸ್ಯಾಂಪಲ್ ಹಾಗೇ ಇದೆ ಮೇಡಂ, ನಾವು ಸುಮ್ನೆ ಬದಲಾಯಿಸೋಕೆ ಆಗಲ್ಲ" ಅಂದರು. ಶಾಲೆಯಲ್ಲಿ ಕೇಳಿದರೆ, ಯೂನಿಫಾರ್ಮನ್ನು ಐದು ವರ್ಷ ಬದಲಾಯಿಸುವ ಹಾಗಿಲ್ಲ ಅಂದರು. ನಿಜ, ಕರ್ನಾಟಕದ 1995ರ ನಿಯಮದಲ್ಲಿ ಹಾಗೇ ಇದೆ, ಬದಲಾಯಿಸುವುದಾದರೂ ಪೋಷಕರಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ಪದೇ ಪದೇ ಹೊಸ ಬಟ್ಟೆ ಕೊಳ್ಳುವ ಹೊರೆ ನಮ್ಮ ಮೇಲೆ ಬೀಳಬಾರದಲ್ಲ, ಒಳ್ಳೆಯ ನಿಯಮವೇ ಅದು. ಆದರೆ ಅದೇ ಬಣ್ಣ, ಅದೇ ಬಟ್ಟೆ ಇಟ್ಟುಕೊಂಡು ಒಳಗೆ ಒಂದು ಜೇಬು ಹೊಲಿದರೆ ಯೂನಿಫಾರ್ಮ್ ಬದಲಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಪಕ್ಕದ ಕೇರಳದಲ್ಲಿ, ಎರ್ನಾಕುಲಂ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹುಡುಗ ಹುಡುಗಿ ಎಲ್ಲರಿಗೂ ಒಂದೇ ಥರ ಮುಕ್ಕಾಲು ಚಡ್ಡಿ, ಶರ್ಟು ಮಾಡಿದ್ದಾರೆ. ಕೋಯಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ 2021ರ ಡಿಸೆಂಬರಿನಲ್ಲಿ ಪ್ಯಾಂಟು ಶರ್ಟು ತಂದರು, ಅದಕ್ಕೆ ವಿರೋಧವೂ ಬಂತು. ನಮ್ಮಲ್ಲೇ ಸರ್ಕಾರಿ ಹೈಸ್ಕೂಲಿನ ಹುಡುಗಿಯರಿಗೆ ಚೂಡಿದಾರ್ ಕೊಡುತ್ತಾರೆ. ಎಲ್ಲರೂ ಪ್ಯಾಂಟೇ ಹಾಕಬೇಕು ಅಂತ ನಾನು ಹೇಳುವುದಿಲ್ಲ, ಮಗಳ ಗೆಳತಿಗೆ ಸ್ಕರ್ಟೇ ಇಷ್ಟ, ಅವಳು ಅದನ್ನೇ ಹಾಕಲಿ. ಬೇಕಾದವರಿಗೆ ಪ್ಯಾಂಟು ಹುಡುಗಿಯರ ಅಳತೆಯಲ್ಲೂ ಸಿಗಲಿ.

ಬಟ್ಟೆಗೆ, ಆ ಅಳತೆಯ ಅಕ್ಕನಿಗೆ ಪೂರ್ತಿ ಅಂಕ. ಜೇಬಿಗೆ ಮತ್ತು ಅರ್ಧ ಇಂಚಿಗೆ ಎರಡು ಕಡಿಮೆ ಮಾಡಿದ್ದೇನೆ.

ಈ ಅಂಗಡಿಗೆ ಹೋಗುವವರಿಗೆ ಒಂದು ಮಾತು. ಸ್ಕರ್ಟನ್ನು ಎರಡು ಇಂಚು ಉದ್ದದ್ದೇ ತಗೊಳ್ಳಿ, ಮನೆಯಲ್ಲಿ ಮಡಚಿ ಕೈಹೊಲಿಗೆ ಹಾಕಿ. ನಮ್ಮ ಬೀದಿಯ ಟೈಲರ್ ಜಿಪ್ ಇಲ್ಲದ ಪಕ್ಕದಲ್ಲಿ, ನೆರಿಗೆಯ ಹಿಂದೆ, ಹೊರಗೆ ಕಾಣದ ಹಾಗೆ ಜೇಬು ಹೊಲಿದುಕೊಟ್ಟರು. ಒಂದಕ್ಕೆ 40 ರೂಪಾಯಿ. ಮಗಳು ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತು ಎರಡು ಮೂರು ಸಲ ಕೈ ಒಳಗೆ ಹಾಕಿ ತೆಗೆದು ನೋಡಿದಳು, "ಇನ್ನೊಂದು ಸ್ಕರ್ಟಿಗೂ ಹೊಲಿಸಮ್ಮ" ಅಂದಳು.